ಬಿರಡೆಯ ಬಿಗಿ ಬಲ್ಲ ಎಡಗೈ

ಬೆಳಗಿನ ಬೆಳಕು ಕಿಟಕಿಯ ಮೇಲಿನ ಗಾಜಿಗಷ್ಟೇ ತಾಗಿದೆ. ಮರದ ಹೊಟ್ಟು, ಅಂಟಿನ ವಾಸನೆಯ ಪಿಯಾನೊ ದುರಸ್ತಿ ಕಾರ್ಖಾನೆಯಲ್ಲಿ ಬಿಗಿಯಕ್ಕ ಆಗಲೇ ತೋಳು ಮಡಚಿ ಹಳೆಯ ಪಿಯಾನೊವೊಂದರ ಮೇಲೆ ಬಗ್ಗಿದ್ದಾರೆ. ಪಿಯಾನೊದ ಒಳಗೆ ಹೊಸ ಹಲಗೆ ಕೂರಿಸಿಯಾಗಿದೆ. ಅದರ ತೂತುಗಳಿಗೆ, ತಂತಿ ಸುತ್ತುವ ಉಕ್ಕಿನ ಬಿರಡೆಗಳನ್ನು ಒಂದೊಂದಾಗಿ ಬಡಿದು ಇಳಿಸುವುದು ಇವತ್ತಿನ ಕೆಲಸ. ಇನ್ನೂರಕ್ಕೂ ಹೆಚ್ಚು ಬಿರಡೆಗಳು; ಪ್ರತಿಯೊಂದನ್ನೂ ಒಂದು ತಂತಿ ಹಗಲಿರುಳು ಜಗ್ಗುತ್ತಿರುತ್ತದೆ. ಬಿರಡೆ ಸಡಿಲವಾದರೆ ತಂತಿ ಜಾರಿ ಶ್ರುತಿ ಕೆಡುತ್ತದೆ. ಅತಿ ಬಿಗಿಯಾದರೆ ಶ್ರುತಿ ಮಾಡುವವರ ಕೈಗೆ ಬಗ್ಗುವುದೇ ಇಲ್ಲ.

ಉದ್ದ ಹಿಡಿಯ ಕೀಲಿಯನ್ನು ಬಿರಡೆಗೆ ಸಿಕ್ಕಿಸಿ, ಬಿಗಿ ತೋರಿಸುವ ಮುಳ್ಳನ್ನು ನೋಡುತ್ತಾರೆ. ಆಮೇಲೆ ಕಣ್ಣು ಮುಚ್ಚಿ ಇನ್ನೊಮ್ಮೆ ತಿರುಗಿಸುತ್ತಾರೆ. "ಕಚ್ಚಿ ಕಚ್ಚಿ ತಿರುಗಿದ್ರೆ ಮುಳ್ಳಿಗೆ ಗೊತ್ತಾಗಲ್ಲ, ಕೈಗೆ ಗೊತ್ತಾಗತ್ತೆ. ನಯವಾಗಿ ಬರಬೇಕು, ಬಂದಲ್ಲೇ ನಿಲ್ಲಬೇಕು" ಎನ್ನುತ್ತಾರೆ. ಆ ಕೈ, ಎಡಗೈ.

ಅವರು ಇಲ್ಲಿಗೆ ಮೊದಲು ಬಂದದ್ದು ನೆಲ ಗುಡಿಸಲು. ಹಳೆಯ ಬಿರಡೆ ಕೀಳುವವರಿಗೆ ನೆರವಾಗುತ್ತಾ ಕೆಲಸ ಕೈಗೆ ಹತ್ತಿತು. ಬಿಗಿಯಕ್ಕ ಎಂಬ ಅಡ್ಡಹೆಸರು ಕೊಟ್ಟವರು ಊರಿನ ಪಿಯಾನೊಗಳನ್ನೆಲ್ಲ ಶ್ರುತಿ ಮಾಡುವ ಹಿರಿಯರೊಬ್ಬರು. ಎಲ್ಲರಿಗೂ ಅವರು ಶ್ರುತಿ ತಾತ. ಹೆಸರು ಮನೆಗೂ ಹೋಯಿತು. "ನಮ್ಮ ಸೊಸೆ ನಲ್ಲಿ ಮುಚ್ಚಿದ್ರೆ ಅವಳು ಬರೋವರೆಗೂ ಮನೇಲಿ ನೀರಿಲ್ಲ" ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ.

ಹೀಗಿರುವಾಗ ಒಂದು ದಿನ, ಮೇಲೆತ್ತಿದ್ದ ಪಿಯಾನೊದ ಕಬ್ಬಿಣದ ಚೌಕಟ್ಟು ಸರಪಳಿಯಿಂದ ಜಾರಿ ಬಿಗಿಯಕ್ಕನ ಬಲ ಮಣಿಕಟ್ಟಿನ ಮೇಲೆ ಬಿತ್ತು. ಮೂಳೆ ಕೂಡಿಕೊಂಡಿತು, ಬೆರಳುಗಳ ಸ್ಪರ್ಶ ಮಾತ್ರ ಮರಳಲಿಲ್ಲ. ಇನ್ನು ಮುಗಿಯಿತೆಂದುಕೊಂಡು ಬೀಗದಕೈ ಒಪ್ಪಿಸಲು ಹೋದರೆ, ಕಾರ್ಖಾನೆಯ ಯಜಮಾನರು ಕೈಯನ್ನೇ ಚಾಚಲಿಲ್ಲ. "ನಿಮ್ಮ ಜಾಗ ಹಾಗೇ ಇದೆಯಮ್ಮ. ನಿಧಾನವಾಗಿ ಬನ್ನಿ" ಎಂದರು.

ಮರುದಿನದಿಂದ ತಾತ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಬೇಡದ ಹಲಗೆಯ ತುಂಡಿಗೆ ಬಿರಡೆಗಳನ್ನು ಬಡಿದು, ಎಡಗೈಯಲ್ಲಿ ತಿರುಗಿಸಿ ಸಡಿಲವಾದದ್ದನ್ನು ಹೇಳು ಎನ್ನುತ್ತಿದ್ದರು. ವಾರಗಟ್ಟಲೆ ಎಲ್ಲವೂ ಒಂದೇ ಥರ ಅನ್ನಿಸಿತು. ಒಮ್ಮೆ ಕೀಲಿ ಮೇಜಿನ ಮೇಲೆ ಕುಕ್ಕಿ, "ಈ ಕೈ ದಡ್ಡ ಕೈ ತಾತ" ಎಂದು ಅತ್ತೇಬಿಟ್ಟರು.

"ಬಲಗೈಗೇನು ಹುಟ್ಟಿದಾಗಲೇ ಬರ್ತಿತ್ತಾ? ನೀನೇ ಕಲಿಸಿದ್ದಲ್ವಾ. ಇದಕ್ಕೂ ಕಲಿಸು" ಎಂದು ತಾತ ಕೀಲಿಯನ್ನು ಮತ್ತೆ ಕೈಗಿಟ್ಟರು.

ತಿಂಗಳುಗಳು ಕಳೆದ ಮೇಲೆ ಎಡಗೈಗೂ ಬಿಗಿ, ಸಡಿಲದ ವ್ಯತ್ಯಾಸ ತಿಳಿಯತೊಡಗಿತು. ಎಡಗೈಯಲ್ಲಿ ಮುಗಿಸಿದ ಮೊದಲ ಪಿಯಾನೊ ಒಂದು ಶಾಲೆಗೆ ಹೋಯಿತು. ಮಳೆಗಾಲ, ಬೇಸಿಗೆ ಕಳೆದ ಮೇಲೆ ತಾತ ಅದನ್ನು ನೋಡಲು ಹೊರಟಾಗ ಬಿಗಿಯಕ್ಕನೂ ಜೀವ ಕೈಯಲ್ಲಿ ಹಿಡಿದುಕೊಂಡು ಜೊತೆಗೆ ಹೋದರು. ತಾತ ಒಂದೊಂದೇ ಸ್ವರ ಒತ್ತಿ ಕಿವಿಗೊಟ್ಟರು. ಹವೆ ಬದಲಾಗಿ ಇಡೀ ಪಿಯಾನೊದ ಶ್ರುತಿ ಕೊಂಚ ಇಳಿದಿತ್ತು, ಅದು ಸಹಜ. ಆದರೆ ಯಾವ ತಂತಿಯೂ ಒಂಟಿಯಾಗಿ ಜಾರಿರಲಿಲ್ಲ.

"ಒಂದು ಬಿರಡೆನೂ ಬಿಟ್ಟಿಲ್ಲ ಕಣಮ್ಮ" ಎಂದರು ತಾತ. ಬಿಗಿಯಕ್ಕ ಹೊರಗಿನ ಪಡಸಾಲೆಗೆ ಬಂದು, ಮಕ್ಕಳು ನೋಡಬಾರದೆಂದು ಗೋಡೆಯ ಕಡೆ ತಿರುಗಿ ನಿಂತರು.

ಈಗ ತಾತನ ಬೆರಳ ಗೆಣ್ಣುಗಳು ಊದಿಕೊಂಡಿವೆ. ಹಟಮಾರಿ ಬಿರಡೆ ಸಿಕ್ಕರೆ ರಾತ್ರಿಯೆಲ್ಲ ನೋವು. ಈ ಕಾರ್ಖಾನೆಯ ಪಿಯಾನೊಗಳ ಮುಂದೆ ಮಾತ್ರ ಅವರು ಮುಖ ಕಿವುಚದೆ ಕೂರುತ್ತಾರೆ. ಇಲ್ಲಿ ಪ್ರತಿ ಬಿರಡೆಯೂ ತಂತಿಯನ್ನು ಬಿಡದಷ್ಟು ಬಿಗಿ, ತಾತನ ಕೈಗೆ ಒಲಿಯುವಷ್ಟು ಸಲೀಸು.

ಆಸೆ ಏನಾದರೂ ಇದೆಯೇ ಎಂದರೆ ಬಿಗಿಯಕ್ಕ ಕೀಲಿಯನ್ನು ಮುಂದಿನ ಬಿರಡೆಗೆ ಸಿಕ್ಕಿಸುತ್ತಾರೆ. "ಇನ್ನೂ ತುಂಬಾ ವರ್ಷ ತಾತನೇ ಬಂದು ಶ್ರುತಿ ಮಾಡ್ಲಿ" ಎನ್ನುತ್ತಾರೆ. "ಅವರ ಕೈ ನೋಯದ ಹಾಗೆ ನಾನು ನೋಡ್ಕೋತೀನಿ."