ರೋಬೋಟಿನ ಹಿಂದೆ ನನ್ನ ಬೆರಳು

ವಾಡಿಯ ಸಿಮೆಂಟ್ ಕಾರ್ಖಾನೆ ಪಕ್ಕದ ನಮ್ಮ ಕ್ವಾರ್ಟರ್ಸಿನಲ್ಲಿ ಬೆಳಿಗ್ಗೆ ಒರೆಸಿದ ಶಹಾಬಾದ್ ಕಲ್ಲಿನ ನೆಲದ ಮೇಲೆ ಮಧ್ಯಾಹ್ನಕ್ಕೇ ಸಿಮೆಂಟಿನ ಧೂಳು ಕೂತಿರುತ್ತದೆ. ತನ್ನ ತಾಯಿಯ ಮಂಡಿನೋವು ನೋಡಲಾರದೆ ನಮ್ಮ ಮಗಳು ನೆಲ ಒರೆಸುವ ರೋಬೋಟ್ ತಂದುಕೊಟ್ಟಳು. ನನ್ನ ಹೆಂಡತಿ ಎಲ್ಲರನ್ನೂ ನಂಬುವವಳು; ಅದನ್ನು ಚಾಲೂ ಮಾಡಿ ನೆಮ್ಮದಿಯಾಗಿ ಪಕ್ಕದ ಮನೆಗೆ ಹೋಗಿಬಿಡುತ್ತಿದ್ದಳು. ನಾನೋ, ಬೀಗ ಹಾಕಿದ ಮೇಲೂ ಜಗ್ಗಿ ನೋಡುವವನು. ಈ ಕೆಲಸಗಳ್ಳ ಯಂತ್ರ ಮಂಚದ ಕೆಳಗೆ ಹೊಕ್ಕು ಸುಮ್ಮನೆ ಗುಂಯ್‌ಗುಡುತ್ತದೆ ಎಂದೇ ನನ್ನ ಗುಮಾನಿ. ಅದರ ಹಿಂದೆಯೇ ತಿರುಗಿ, ಬಗ್ಗಿ, ಮೂಲೆಮೂಲೆಗೂ ಬೆರಳು ತಿಕ್ಕಿ ನೋಡುತ್ತಿದ್ದೆ. ಧೂಳು ಸಿಗಲಿಲ್ಲ. ಗುಮಾನಿ ಇನ್ನೂ ಹೆಚ್ಚಾಯಿತು.

ಒಂದು ದಿನ ಹೆಂಡತಿ ಬಾಗಿಲಲ್ಲೇ ನಿಂತು ನನ್ನನ್ನು ನೋಡಿದಳು.

"ನೋಡ್ರಿ, ಛಲೋತ್ನಾಗಿ ತಿಕ್ಕಿ ನೋಡ್ರಿ. ನಾ ಒರಸಿದಾಗೂ ಹಿಂಗೇ ನೋಡ್ತಿದ್ರಿ. ಆ ಮಷೀನಿಗೇನು ಮನಸಿಗಿ ಹತ್ತಂಗಿಲ್ಲ ಬಿಡ್ರಿ."