‘ಹೋಗೋಣ’ದೊಳಗೆ ಯಾರ್ಯಾರು?

ಈ ಜೂನ್ ತಿಂಗಳ ಒಂದು ಬೆಳಗ್ಗೆ ನಮ್ಮ ಹಿತ್ತಲಿನ ಬಟ್ಟೆಯ ತಂತಿಯ ಮೇಲೆ ಒಂದು ಉಣ್ಣೆಯ ಸ್ವೆಟರೂ ಒಂದು ಈಜುಡುಗೆಯೂ ಅಕ್ಕಪಕ್ಕದಲ್ಲಿ ತೂಗಾಡುತ್ತಿದ್ದವು. ಸ್ವೆಟರಿನಿಂದ ನುಸಿಗುಳಿಗೆಯ ವಾಸನೆ ಹೋಗಬೇಕಿತ್ತು. ಈಜುಡುಗೆಯಿಂದ ಕಳೆದ ಬೇಸಿಗೆಯ ಮುಗ್ಗಲು. ಎರಡೂ ಎಂಟು ವರ್ಷದ ನನ್ನ ಮಗಳು ಇಂಚರಳವು, ಎರಡೂ ಒಂದೇ ಪ್ರವಾಸಕ್ಕೆ ಹೊರಟು ನಿಂತವು. ಮೈಸೂರಿನ ಪ್ರೌಢಶಾಲೆಯೊಂದರಲ್ಲಿ ಬಹುಕಾಲ ಕನ್ನಡ ವ್ಯಾಕರಣ ಕಲಿಸಿ ಬಂದ ನನ್ನ ಕಣ್ಣಿಗೆ ಆ ತಂತಿಯು ಏಕವಚನದ ಕರ್ತೃವಿಗೆ ಬಹುವಚನದ ಕ್ರಿಯಾಪದ ಅಂಟಿಸಿದ ವಾಕ್ಯದಂತೆ ಕಂಡು, ಕೈಯಲ್ಲಿ ಕೆಂಪು ಶಾಯಿಯ ಪೆನ್ನಿಲ್ಲವಲ್ಲ ಎನ್ನಿಸಿತು.

ಆದರೆ ತಪ್ಪು ತಂತಿಯದಲ್ಲ, ಭೂಗೋಳದ್ದು. ಜೂನ್ ಎಂದರೆ ನನ್ನ ಮೈಯ ನೆನಪಿನಲ್ಲಿ ಇಂದಿಗೂ ಮುಂಗಾರು, ಹೊಸ ಪುಸ್ತಕಗಳಿಗೆ ಹೊದಿಸುವ ಕಂದು ಕಾಗದ, ಒಣಗದ ಸಮವಸ್ತ್ರ. ಆಸ್ಟ್ರೇಲಿಯಾಕ್ಕೆ ಬಂದು ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿ ಮನೆ ಮಾಡಿದ ಮೇಲೆ ಅದೇ ಜೂನ್ ಚಳಿಗಾಲವಾಯಿತು. ಅದೂ ಎಂಥ ಚಳಿಗಾಲ! ಬೆಳಗ್ಗೆ ಹಲ್ಲು ಕಟಕಟಿಸಿ, ಮಧ್ಯಾಹ್ನದ ಹೊತ್ತಿಗೆ ಸಂಕೋಚಪಟ್ಟು ಬಿಸಿಲಿಗೆ ಜಾಗ ಬಿಟ್ಟುಕೊಡುವ ಸಭ್ಯ ಚಳಿಗಾಲ. ಮಳೆಯಿಲ್ಲ, ಸೆಕೆಯಿಲ್ಲ, ಆಕಾಶದಲ್ಲಿ ಮೋಡದ ಚೂರೂ ಇಲ್ಲ. ಇಲ್ಲಿಯ ಜನ ಮಕ್ಕಳ ಜುಲೈ ರಜೆಗೆ ಸಮುದ್ರತೀರಕ್ಕೆ ಹೊರಡುವುದರಲ್ಲಿ ಯಾವ ವಿರೋಧಾಭಾಸವನ್ನೂ ಕಾಣುವುದಿಲ್ಲ.

ನಾನೂ ಯೋಜನೆ ಹಾಕಿದೆ. ಉತ್ತರಕ್ಕೆ ಸನ್‌ಶೈನ್ ಕೋಸ್ಟ್. ಹೆಸರಿನಲ್ಲೇ ಬಿಸಿಲಿರುವ ಕರಾವಳಿ. ಈ ತಿಂಗಳುಗಳಲ್ಲಿ ತಿಮಿಂಗಿಲಗಳು ಆ ದಾರಿಯಲ್ಲಿ ಸಾಗುತ್ತವೆ. ಬಂಡೆಯ ಮೇಲೆ ನಿಂತು ತಾಳ್ಮೆಯಿಂದ ನೋಡಿದರೆ ಬೆನ್ನು ಕಂಡೀತು. ಎಲ್ಲಿ ತಂಗುವುದು, ಎಲ್ಲಿ ಮೊಸರನ್ನದ ಡಬ್ಬಿ ಬಿಚ್ಚುವುದು, ಗಾಳಿ ಏಳುವ ಮೊದಲು ಎಷ್ಟು ಹೊತ್ತಿಗೆ ಮರಳಿನಿಂದ ಎದ್ದುಬರುವುದು, ಎಲ್ಲವನ್ನೂ ನಿಗದಿಪಡಿಸಿದೆ. ಅಡಿಲೇಡಿನಲ್ಲಿ ವೈದ್ಯನಾಗಿರುವ ನನ್ನ ತಮ್ಮ ಸತ್ಯು ಫೋನಿನಲ್ಲಿ ಇದನ್ನೆಲ್ಲ ಕೇಳಿಸಿಕೊಂಡು, “ಅಕ್ಕಾ, ನೀನು ಟ್ರಿಪ್ ಪ್ಲಾನ್ ಮಾಡ್ತಿದ್ದೀಯೋ, ಎಸ್‌ಎಸ್‌ಎಲ್‌ಸಿ ಟೈಮ್‌ಟೇಬಲ್ ಹಾಕ್ತಿದ್ದೀಯೋ? ಅಲೆ ಎಷ್ಟೊತ್ತಿಗೆ ಬರ್ಬೇಕು ಅಂತಾನೂ ಬರ್ದಿಟ್ಟಿರ್ಬೇಕು!” ಎಂದ.

“ಉಬ್ಬರ ಇಳಿತದ ವೇಳೆ ಮುಂಚೇನೇ ಗೊತ್ತಿರತ್ತೆ ಕಣೋ. ನೋಡಿಟ್ಟಿದ್ದೀನಿ,” ಎಂದೆ.

ಅವನು ನಕ್ಕ ರಭಸಕ್ಕೆ ಫೋನನ್ನು ಕಿವಿಯಿಂದ ದೂರ ಹಿಡಿಯಬೇಕಾಯಿತು.

ಈ ಅಚ್ಚುಕಟ್ಟಿನಲ್ಲಿ ಒಂದೇ ಒಂದು ಜಾಗ ಖಾಲಿಯಿತ್ತು. ನನ್ನ ಪತಿ ವರ್ಷದ ಮೊದಲಿನಿಂದ ಪಶ್ಚಿಮ ತೀರದ ಪರ್ತ್‌ನಲ್ಲಿದ್ದಾರೆ. ನೀರಿನ ಕೊಳವೆಗಳ ದೊಡ್ಡ ಕೆಲಸವೊಂದರ ಎಂಜಿನಿಯರ್. ದೇಶದ ಈ ಅಂಚಿನಲ್ಲಿ ನಾವಿಬ್ಬರು, ಆ ಅಂಚಿನಲ್ಲಿ ಅವರೊಬ್ಬರು. ಅವರ ಗಡಿಯಾರ ನಮಗಿಂತ ಎರಡು ಗಂಟೆ ಹಿಂದೆ; ಇಂಚರ ಊಟ ಮುಗಿಸಿ ಹಲ್ಲುಜ್ಜುವ ಹೊತ್ತಿಗೆ ಅವರು ಕೆಲಸದಿಂದ ಬಂದು ಬೂಟು ಬಿಚ್ಚುತ್ತಾ ಕರೆ ಮಾಡುತ್ತಾರೆ. ಜುಲೈಯಲ್ಲಿ ಅವರಿಗೆ ರಜೆ ಸಿಗುವುದಿಲ್ಲವೆಂದು ತಿಳಿದು ಕೆಲವು ದಿನಗಳಾಗಿದ್ದವು. ಮಗುವಿಗೆ ನಿಧಾನವಾಗಿ, ಸಮಯ ನೋಡಿ ಹೇಳುವುದೆಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು.

ಅಂದು ಸಂಜೆ ತಂತಿಯಿಂದ ಬಟ್ಟೆ ತೆಗೆಯುತ್ತಾ, “ರಜ ಶುರುವಾದ ಶನಿವಾರಾನೇ ಬೇಗ ಎದ್ದು ಹೊರಡೋಣ, ಆಯ್ತಾ?” ಎಂದೆ. ಇಂಚರ ಕ್ಲಿಪ್ಪುಗಳನ್ನು ಬುಟ್ಟಿಗೆ ಹಾಕುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: “ಈಸ್ ಅಪ್ಪ ಇನ್ ದಟ್ ಓಣ?”

ಆ ‘ಓಣ’ದಲ್ಲಿ ಅಪ್ಪ ಇದ್ದಾರಾ?

ನನಗೆ ತಕ್ಷಣ ಅರ್ಥವಾಗಲಿಲ್ಲ. ಅವಳೇ ಬಿಡಿಸಿ ಹೇಳಿದಳು. ಅಪ್ಪ ಮೊದಲೆಲ್ಲ ಫೋನಿನಲ್ಲಿ ‘ಬೀಚಿಗೆ ಹೋಗೋಣ ಪುಟ್ಟಿ’ ಎನ್ನುತ್ತಿದ್ದರು. ನಿನ್ನೆ ‘ಹೋಗಿ ಬನ್ನಿ’ ಎಂದರು. “ಹಿ ಚೇಂಜ್ಡ್ ಇಟ್, ಅಮ್ಮ.”

ಮಿತ್ರರೇ, ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ ಸಂಗತಿ ಇದು. ಕನ್ನಡದ ‘ಓಣ’ ಬಲು ಪ್ರಾಮಾಣಿಕವಾದ ಪ್ರತ್ಯಯ. ಆಡುವವನೂ ಕೇಳುವವನೂ ಕೂಡಿಯೇ ಹೆಜ್ಜೆ ಇಡಬೇಕೆಂಬ ಕರಾರು ಅದರೊಳಗಿದೆ. ತಾನು ಮನೆಯಲ್ಲೇ ಕುಳಿತು ಇನ್ನೊಬ್ಬರಿಗೆ ‘ಹೋಗೋಣ’ ಎನ್ನಲು ನಮ್ಮ ಭಾಷೆ ಬಿಡುವುದಿಲ್ಲ. ‘ಹೋಗಿ ಬನ್ನಿ’ ಎಂಬುದು ಹಾಗಲ್ಲ. ಅದು ಹಾರೈಕೆಯ ಮಾತು, ಸೌಜನ್ಯದ ಮಾತು, ಆದರೆ ಅದನ್ನು ಹೇಳುವವನು ಹೊಸ್ತಿಲ ಒಳಗೇ ಉಳಿಯುತ್ತಾನೆ. ಈ ವ್ಯತ್ಯಾಸವನ್ನು ನನ್ನ ಮಗಳಿಗೆ ನಾನು ಕಲಿಸಿದ್ದಿಲ್ಲ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಇಲ್ಲಿಯ ಮಕ್ಕಳಂತೆಯೇ ಅವಳೂ. ಆಡುವ ನಾವು ಅರ್ಥದ ಬೆನ್ನು ಹತ್ತಿ ಓಡಿಬಿಡುತ್ತೇವೆ. ಕೇಳುವುದನ್ನಷ್ಟೇ ಮಾಡುವವರಿಗೆ ಮಾತಿನ ಬಾಲವೂ ಕೇಳಿಸುತ್ತದೆಯೋ ಏನೋ. ಅಪ್ಪ ಬರುವುದಿಲ್ಲವೆಂಬುದನ್ನು ನಾವು ಹೇಳುವ ಮೊದಲೇ ಒಂದು ಕ್ರಿಯಾಪದ ಅವಳಿಗೆ ಹೇಳಿಬಿಟ್ಟಿತ್ತು.

“ಅಪ್ಪಂಗೆ ರಜ ಸಿಗಲಿಲ್ಲ ಚಿನ್ನ,” ಎಂದೆ.

ಅವಳು ಅಳಲಿಲ್ಲ. ತನಗೆ ತಿಮಿಂಗಿಲ ಬೇಡವೆಂದಳು. ಅಪ್ಪನ ಊರಿನಲ್ಲೂ ಬೀಚ್ ಇದೆಯಲ್ಲ, ಅಲ್ಲಿಗೆ ಹೋದರೆ ಏನು ಎಂದಳು.

“ಅಲ್ಲಿ ಚಳಿಗಾಲ ಅಂದ್ರೆ ಮಳೆಗಾಲ. ಗಾಳಿ ಬೇರೆ. ಈಜೋಕಾಗಲ್ಲ.”

“ಅಪ್ಪ ಕಾಂಟ್ ಸ್ವಿಮ್ ಎನಿವೇ,” ಎಂದಳು.

ಕ್ಲಿಪ್ಪಿನ ಬುಟ್ಟಿ ಹಿಡಿದು ಒಳಗೆ ಬರುವಾಗ ನನಗೆ ಇನ್ನೊಂದು ವಿಚಾರ ಹೊಳೆಯಿತು. ನಮ್ಮ ಕಡೆಯವರಿಗೆ ಸಮುದ್ರವೆಂದರೆ ಪಡುವಣ. ಸೂರ್ಯ ಮುಳುಗಲು ಹೋಗುವ ಸ್ಥಳ. ಇಲ್ಲಿ ಸೂರ್ಯ ಸಮುದ್ರದಿಂದ ಎದ್ದು ಬಂದು ಮರಗಳ ಹಿಂದೆ ಮುಳುಗುತ್ತಾನೆ. ಇಷ್ಟು ವರ್ಷವಾದರೂ ಈ ತೀರದಲ್ಲಿ ಸಂಜೆ ನಿಂತಾಗ ನಾನು ಬೆನ್ನು ತಿರುಗಿಸಿ ನಿಂತಿದ್ದೇನೆಂಬ ಸಣ್ಣ ಅನುಮಾನ ಹೋಗಿಲ್ಲ. ಪರ್ತ್‌ನಲ್ಲಿ ಸೂರ್ಯ ಸಮುದ್ರದಲ್ಲೇ ಮುಳುಗುತ್ತಾನೆ. ಆದರೆ ಮೋಡ ಮುಸುಕಿದ ಜುಲೈಯಲ್ಲಿ ಅದನ್ನು ಕಾಣುವವರು ಯಾರು? ನನ್ನೊಳಗಿನ ಶಿಸ್ತಿನ ಉಪಾಧ್ಯಾಯಿನಿ ಸುಲಭವಾಗಿ ಸೋಲುವವಳಲ್ಲ.

ರಾತ್ರಿಯೂಟದ ನಂತರ ಎಂದಿನಂತೆ ಕರೆ ಬಂತು. ಆದರೂ ಮಗಳ ಪರವಾಗಿ, “ರೀ, ನಾವೇ ಅಲ್ಲಿಗೆ ಬಂದ್ರೆ?” ಎಂದೆ.

“ಇಲ್ಲಿಗಾ? ಬರೀ ಮಳೆ ಕಣೇ. ನಾನು ಬೆಳಗ್ಗೆ ಹೋದ್ರೆ ಸಂಜೇನೇ ಬರೋದು. ಇರೋದೊಂದು ರೂಮು, ಒಂದು ಪ್ಲಾಸ್ಟಿಕ್ ಕುರ್ಚಿ. ಅವಳಿಗೆ ಬೋರಾಗತ್ತೆ. ನಿನ್ನ ಪ್ಲಾನೇ ಚೆನ್ನಾಗಿದೆ, ಹೋಗಿ ಬನ್ನಿ.”

ಇಂಚರ ನನ್ನತ್ತ ನೋಡಿ ಹುಬ್ಬೇರಿಸಿದಳು: ಕೇಳಿಸಿತೇ? ಆಮೇಲೆ ಫೋನಿಗೆ ಬಾಯಿ ಹಚ್ಚಿ, ಅವರ ಬೀಚು ಮನೆಯಿಂದ ದೂರವೇ ಎಂದು ತನ್ನ ಇಂಗ್ಲಿಷಿನಲ್ಲಿ ಕೇಳಿದಳು.

“ಹತ್ರಾನೇ ಪುಟ್ಟಿ. ಟ್ರೈನಲ್ಲಿ ಅರ್ಧ ಗಂಟೆಯಂತೆ.”

ಈ ಸಲ ಮಾತಿನ ಬಾಲ ನನಗೆ ಕೇಳಿಸಿತು. ‘ಅಂತೆ’ ಎಂಬುದು ತಾನು ಕಾಣದೆ ಇನ್ನೊಬ್ಬರಿಂದ ಕೇಳಿದ್ದಕ್ಕೆ ಮಾತ್ರ ಹಚ್ಚುವ ಮಾತು. ಕಣ್ಣಾರೆ ಕಂಡವರು ‘ಅಂತೆ’ ಎನ್ನುವುದಿಲ್ಲ.

“ಅಂತೆ ಅಂದ್ರೆ? ನೀವು ಹೋಗಿಲ್ವಾ?”

“ಆಫೀಸಲ್ಲಿ ಹೇಳ್ತಿದ್ರು.”

“ಇಷ್ಟು ತಿಂಗಳಲ್ಲಿ ಒಂದ್ಸಲಾನೂ?”

ಆ ಕಡೆ ಬೂಟು ನೆಲಕ್ಕಿಟ್ಟ ಸದ್ದು ಕೇಳಿಸಿತು. “ಒಬ್ಬನೇ ಹೋಗಿ ಏನ್ಮಾಡ್ಲಿ, ಹೇಳು?”

ಬಿಸಿಲು, ಉಬ್ಬರ, ಮೊಸರನ್ನ, ಬಂಡೆ, ತಿಮಿಂಗಿಲ: ನಾನು ಜೋಡಿಸಿದ್ದ ಸಾಲೆಲ್ಲ ಆ ಒಂದು ಪ್ರಶ್ನೆಯ ಮುಂದೆ ಕರ್ತೃವೇ ಇಲ್ಲದ ವಾಕ್ಯವಾಗಿ ನಿಂತಿತು. ವಿಶೇಷಣಗಳಿಗೇನೂ ಕೊರತೆಯಿರಲಿಲ್ಲ.

“ಸಂಜೆ ಮನೇಲಿರ್ತೀರಲ್ಲ?” ಎಂದೆ.

“ಇರ್ತೀನಿ.”

“ಭಾನುವಾರ?”

“ಇರ್ತೀನಿ.” ಅವರೇ ಸೇರಿಸಿದರು: “ಇನ್ನೊಂದು ಕುರ್ಚಿ ತಂದಿಡ್ತೀನಿ.”

“ಟೂ ಚೇರ್ಸ್, ಅಪ್ಪ,” ಎಂದಳು ಇಂಚರ, ಲೆಕ್ಕ ಸರಿಪಡಿಸುತ್ತಾ.

ಹೀಗೆ ಸನ್‌ಶೈನ್ ಕೋಸ್ಟ್ ರದ್ದಾಗಿ, ದೇಶವನ್ನು ಅಡ್ಡ ದಾಟುವ ವಿಮಾನದಲ್ಲಿ ನಮಗೆ ಜಾಗ ದೊರೆಯಿತು. ಸುದ್ದಿ ತಿಳಿದ ಸತ್ಯು, “ಎಲ್ರೂ ಚಳಿಗಾಲದಲ್ಲಿ ಬಿಸಿಲು ಹುಡುಕ್ಕೊಂಡು ಹೋದ್ರೆ ನೀವು ಮಳೆ ಹುಡುಕ್ಕೊಂಡು ಹೋಗ್ತೀರಾ? ನೆನೆದು ಶೀತ ಆದ್ರೆ ನಂಗೆ ಫೋನ್ ಮಾಡ್ಬೇಡಿ, ನಾನು ಮೂಳೆ ಡಾಕ್ಟರು,” ಎಂದ.

ಮುಂದಿನ ಭಾನುವಾರ ಮಧ್ಯಾಹ್ನ ಪರ್ತ್‌ನಿಂದ ಒಂದು ಫೋಟೋ ಬಂತು. ನಾವು ಬರುವ ಮೊದಲು ಜಾಗ ನೋಡಿಟ್ಟಿರಬೇಕೆಂದು ನಮ್ಮವರು ಕಡೆಗೂ ತೀರಕ್ಕೆ ಹೋಗಿದ್ದರು. ಚಿತ್ರದಲ್ಲಿ ಸಮುದ್ರಕ್ಕಿಂತ ಲೆನ್ಸಿನ ಮೇಲಿನ ಮಳೆಹನಿಗಳೇ ಹೆಚ್ಚು ಕಾಣುತ್ತಿದ್ದವು; ಅಂಚಿನಲ್ಲಿ ಗಾಳಿಗೆ ಮೇಲ್ಮುಖವಾಗಿ ಮಡಚಿಕೊಂಡ ಅವರ ಪುಟ್ಟ ಛತ್ರಿಯ ಒಂದು ಕಡ್ಡಿ.

ಇಂಚರ ಅದನ್ನು ಹಿಗ್ಗಿಸಿ, ಕುಗ್ಗಿಸಿ, ಬಹಳ ಹೊತ್ತು ನೋಡಿದಳು. ಆಮೇಲೆ ಗ್ಯಾರೇಜಿಗೆ ಹೋಗಿ, ನೆರೆಮನೆಯವರು ಊರು ಬಿಡುವಾಗ ಕೊಟ್ಟಿದ್ದ, ಮೂವರು ನಿಲ್ಲಬಹುದಾದ ದೊಡ್ಡ ಛತ್ರಿಯನ್ನು ಎಳೆದು ತಂದು ಪೆಟ್ಟಿಗೆಯ ಮೇಲೆ ಇಟ್ಟಳು. ನಾನು ಉದ್ದಕ್ಕೆ ಇಟ್ಟು ನೋಡಿದೆ, ಮೂಲೆಯಿಂದ ಮೂಲೆಗೆ ಇಟ್ಟು ನೋಡಿದೆ. ಪೆಟ್ಟಿಗೆಯಲ್ಲಿ ಅದು ಹಿಡಿಯಲಿಲ್ಲ. ಪೆಟ್ಟಿಗೆಯಲ್ಲಿ ಹಿಡಿಯದ್ದನ್ನು ಕೈಯಲ್ಲಿ ಹಿಡಿಯಬೇಕು, ಹಿಡಿದುಕೊಂಡೇ ಹೊರಡುತ್ತೇವೆ.