ದೇವೀರಕ್ಕನಿಗೆ ಕೇಳಿಸದ ದೀರ್ಘ

ದೇವೀರಕ್ಕ ಕಾರು ಕೊಳ್ಳುವ ಮೊದಲೇ ಕಾರಿಗೆ ಕೊಟ್ಟಿಗೆ ಮಾಡಿದ್ದಳು. ಹಸು ಮಾರಿ, ಗೋದಲಿ ಕಿತ್ತು, ಮುಂದಿನ ಗೋಡೆಯನ್ನು ತಾನೇ ಹಾರೆ ಹಿಡಿದು ಕೆಡವಿದಳು. ಎರಡೂ ಕೈ ಚಾಚಿ ನಿಂತು, "ಇಷ್ಟಗಲ ಆದ್ರೆ ಸಾಕಲ್ವಾ ಶಾಂತಣ್ಣ?" ಎಂದು ನನ್ನನ್ನು ಕೇಳಿದಳು. ಆ ಖಾಲಿ ಜಾಗಕ್ಕೆ ದಿನಾ ಬೆಳಿಗ್ಗೆ ಕಸ ಹೊಡೆಯುತ್ತಿದ್ದಳು. ಕುಂದೂರಿನ ಕಡೆ ಹೋಗುವವರು ಬೇಲಿಯಾಚೆ ನಿಂತು, "ಏನಕ್ಕಾ, ಕಾರು ಮೇಯಕ್ಕೆ ಹೋಗೈತಾ?" ಎಂದರೆ, "ಹೂಂ ಕಣೋ, ನಿನ್ ಬುದ್ಧಿನೂ ಅಲ್ಲೇ ಮೇಯ್ತಾ ಐತೆ. ಎರಡನ್ನೂ ಒಟ್ಟಿಗೆ ಹೊಡ್ಕೊಂಡ್ ಬತ್ತೀನಿ" ಎನ್ನುವಳು.

ನನಗಿಂತ ಚಿಕ್ಕವಳು. ಆದರೂ ಊರಿಗೆಲ್ಲ ಅಕ್ಕ, ನನಗೂ ಅಕ್ಕ.

ಅವಳಿಗೆ ಕಾರು ಶೋಕಿಗೆ ಬೇಕಿರಲಿಲ್ಲ. ಗಂಡ ತಮ್ಮಯ್ಯ ಮೆಣಸು ಕೊಯ್ಯುವಾಗ ಏಣಿಯಿಂದ ಬಿದ್ದು, ಸೊಂಟದ ಕೆಳಗಿನ ಬಲ ಕಳೆದುಕೊಂಡಿದ್ದ. ಬಸ್ಸಿನ ಮೆಟ್ಟಿಲು ಹತ್ತಿಸಲಾಗದು. ಬಾಡಿಗೆ ಗಾಡಿ ಕರೆಸಿದರೆ ಔಷಧಿಗಿಂತ ಗಾಡಿಯ ಖರ್ಚೇ ಹೆಚ್ಚು. ಅವನು ಜಗಲಿಯ ಕಂಬಕ್ಕೆ ಒರಗಿ ಕೂತಲ್ಲೇ ಕೂತ. "ಇವ್ರನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ನಾನೇ ಓಡಿಸ್ತೀನಿ. ಮಿಕ್ಕ ಹೊತ್ತು ಬಾಡಿಗೆ ಹೊಡೀತೀನಿ" ಎಂದು ಅವಳು ಹೇಳಿದಾಗ ನಾವೆಲ್ಲ ನಕ್ಕೆವು. ಎಸ್ಟೇಟಿನ ಪಿಕಪ್ ಡ್ರೈವರನಿಗೆ ಕಡುಬು, ಕೋಳಿಸಾರು ತಿನ್ನಿಸಿ, ಕಾಫಿ ಒಣಗಿಸುವ ಕಣದಲ್ಲಿ ಓಡಿಸಲು ಕಲಿತೇಬಿಟ್ಟಳು. ಲೈಸೆನ್ಸೂ ಬಂತು. ಗೇರು ಹಾಕುವಾಗ ನಾಲಿಗೆಯ ತುದಿ ಕಚ್ಚಿಕೊಳ್ಳುವ ಅಭ್ಯಾಸ ಮಾತ್ರ ಕೊನೆಯವರೆಗೂ ಹೋಗಲಿಲ್ಲ.

ಸಾಲಗಳಿದ್ದವು: ಆಸ್ಪತ್ರೆಗೆಂದು ಮಾಡಿದ ಕೈಸಾಲ, ಸ್ತ್ರೀಶಕ್ತಿ ಸಂಘದ ಸಾಲ. ಸಂಘದ ಕಂತನ್ನು ಉಪ್ಪು ತರುವ ಮೊದಲು ಕಟ್ಟುತ್ತಿದ್ದಳು. ಸಕಲೇಶಪುರದಲ್ಲಿ ಹಳೆ ಗಾಡಿ ಮಾರುವ ಸಾದಿಕ್ ಸಾಬರು ಅವಳಿಗೊಂದು ಬಿಳಿ ವ್ಯಾನು ತೋರಿಸಿ ಬುದ್ಧಿ ಹೇಳಿದ್ದರು: "ಅಕ್ಕ, ಹೆಸ್ರು ಕೆಟ್ಟವ್ರಿಗೂ ಸಾಲ ಕೊಡ್ತೀವಿ ಅಂತ ಬಡ್ಡಿಯವ್ರು ನನ್ ಅಂಗ್ಡಿ ಮುಂದೇನೇ ನಿಂತವ್ರೆ. ಕೈ ಚಾಚ್ಬೇಡಿ. ಕಂತು ತಪ್ಪಿದ್ರೆ ದಾರೀಲೇ ಗಾಡಿ ಎಳ್ಕೊಂಡ್ ಹೋಗ್ತಾರೆ. ಬ್ಯಾಂಕಿಗೆ ಹೋಗಿ."

ಎಸ್ಸೆಸ್ಸೆಲ್ಸಿ ಓದಿದವನೆಂದು ಆಲೂರಿನ ಬ್ಯಾಂಕಿಗೆ ನನ್ನನ್ನೇ ಜೊತೆಗೆ ಕರೆದುಕೊಂಡು ಹೋದಳು. ಗಾಜಿನ ಹಿಂದೆ ಕೂತ ಹುಡುಗಿ ಕಂಪ್ಯೂಟರ್ ನೋಡಿ, "ಸಂಘದ್ದೆಲ್ಲ ಸರಿಯಾಗಿ ಕಟ್ಟಿದ್ದೀರಮ್ಮ. ಆದ್ರೆ ಸ್ಕೋರ್ ಬಿದ್ದುಹೋಗಿದೆ. ಜಾಮೀನಿನ ತಕರಾರಿದೆ. ಅದನ್ನ ಮುಗಿಸ್ಕೊಂಡು ಬನ್ನಿ" ಎಂದಳು.

ಆ ಜಾಮೀನು ನನ್ನದು. ಹಿಂದೊಮ್ಮೆ ನಾನು ಟಿಲ್ಲರಿಗೆ ಸಾಲ ತೆಗೆದಾಗ ದೇವೀರಕ್ಕ ಒಲೆ ಮುಂದಿನಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು ರುಜು ಹಾಕಿ, ಮತ್ತೆ ಒಲೆಗೆ ಹೋಗಿದ್ದಳು. ಅದೊಂದು ರುಜು ಹಾಕಿದ್ದೇ ಅವಳಿಗೆ ಮರೆತುಹೋಗಿತ್ತು. ನಾನು ಟಿಲ್ಲರು ಮಾರಿ, ದುಡ್ಡನ್ನು ಇಸ್ಪೀಟಿನಲ್ಲಿ ಕಳೆದು, ಕಂತು ಕಟ್ಟುವುದನ್ನೇ ಬಿಟ್ಟಿದ್ದೆ.

ಬ್ಯಾಂಕಿನ ಮೆಟ್ಟಿಲಿಳಿಯುತ್ತ ಅವಳು ಹೇಳಿದಳು: "ನೋಡ್ದಾ ಶಾಂತಣ್ಣ, ಮೈದುನನ ಜಮೀನ್ ತಕರಾರು ಬ್ಯಾಂಕ್ ತಂಕ ಬಂದ್ಬುಟ್ಟೈತೆ!"

ನಮ್ಮ ಕಡೆ ಬಾಯಿಮಾತಿನಲ್ಲಿ ಜಾಮೀನೂ ಜಮೀನೂ ಹೆಚ್ಚುಕಡಿಮೆ ಒಂದೇ. ಅವಳಿಗೆ ಆ ದೀರ್ಘ ಕೇಳಿಸಿರಲಿಲ್ಲ, ನನಗೆ ಕೇಳಿಸಿತ್ತು. "ಹೂಂ ಅಕ್ಕ, ಅದೇ ಇರ್ಬೇಕು" ಎಂದೆ.

ಅವಳ ಹಿತ್ತಲಿನಿಂದ ಹಳ್ಳಕ್ಕೆ ಇಳಿಯುವ ದಾರಿಗೆ ಮೈದುನ ಬೇಲಿ ಹಾಕಿದ್ದ. ಆ ದಾರಿಗಾಗಿ ಅವಳು ವರ್ಷಗಟ್ಟಲೆ ಕೋರ್ಟಿಗೆ ಅಲೆದಿದ್ದಳು. ಗೆಲ್ಲುವುದು ಅವಳೇ ಎಂದು ವಕೀಲರು ಹೇಳಿದ್ದರು. ಕಾರಿನ ಆಸೆಗೆ ಎಲ್ಲವನ್ನೂ ಬಿಟ್ಟುಕೊಟ್ಟು ರಾಜಿ ಮಾಡಿಕೊಂಡಳು. "ಹೋಗ್ಲಿ ಬುಡು, ದಿಣ್ಣೆ ಸುತ್ತಿ ನೀರು ತತ್ತೀನಿ. ಇವ್ರು ಹೊರಗೆ ಬರ್ಲಿ ಸಾಕು." ಆ ರಾಜಿಗೆ ಸಾಕ್ಷಿ ಹಾಕಿದವನೂ ನಾನೇ. ಬಾಯಿ ಬಿಟ್ಟು ಒಂದು ಮಾತು ಹೇಳಿದ್ದರೆ ಸಾಕಿತ್ತು.

ರಾಜಿಯ ಕಾಗದ ಹಿಡಿದು ಬ್ಯಾಂಕಿಗೆ ಒಬ್ಬಳೇ ಹೋದಳು. ಅಲ್ಲಿ ಆ ಹುಡುಗಿ ಬಿಡಿಸಿ ಹೇಳಿದಳಂತೆ. ಬಸ್ಸಿಳಿದವಳು ತನ್ನ ಮನೆಗೂ ಹೋಗದೆ ನೇರವಾಗಿ ನನ್ನ ಅಂಗಳಕ್ಕೆ ಬಂದು ನಿಂತಳು.

"ಜಮೀನಲ್ವಂತೆ ಮಾರಾಯ. ಜಾಮೀನಂತೆ. ನಿಂದಂತೆ."

ನಾನು ತಲೆ ತಗ್ಗಿಸಿದೆ.

"ತಲೆ ತಗ್ಸಿದ್ರೆ ಬ್ಯಾಂಕ್ನೋರು ಗಾಡಿ ಕೊಡಕಿಲ್ಲ. ಎತ್ತು. ನಿನ್ ಹತ್ರ ಏನೈತೆ?"

"ತೋಟದಲ್ಲಿ ಸಿಲ್ವರ್ ಮರ ಅವೆ ಅಕ್ಕ."

"ನಾಳೆ ವ್ಯಾಪಾರದವನ್ನ ಕರ್ಸು."

ಕರೆಸಿದೆ, ಮರ ಮಾರಿದೆ. ಸಾಲ ಕೊಟ್ಟವರು, "ಇಷ್ಟು ಕಟ್ಟಿ, ಉಳಿದದ್ದನ್ನು ಬಿಡುತ್ತೇವೆ" ಎಂದಾಗ ನನಗೆ ಖುಷಿಯಾಯಿತು. ಅವಳು ಒಪ್ಪಲಿಲ್ಲ. "ಅರ್ಧಂಬರ್ಧ ತೀರ್ಸಿದ್ರೆ ಹೆಸ್ರೂ ಅರ್ಧಂಬರ್ಧವೇ ಉಳೀತೈತಂತೆ. ಪೂರ್ತಿ ಕಟ್ಟು." ಪೂರ್ತಿ ಕಟ್ಟಿದೆ. ಆದರೂ ಕಂಪ್ಯೂಟರಿನಲ್ಲಿ ಅವಳ ಹೆಸರು ತಕ್ಷಣ ಮೇಲೇಳಲಿಲ್ಲ. ಸಂತೆಗೆ ಹೋದಾಗೆಲ್ಲ ಬ್ಯಾಂಕಿಗೆ ಹೋಗಿ, ಜ್ವರದ ಮಗುವನ್ನು ವಿಚಾರಿಸುವಂತೆ "ಎದ್ದೈತಾ?" ಎಂದು ಕೇಳಿ ಬರುತ್ತಿದ್ದಳು. ಕೊನೆಗೊಂದು ದಿನ ಆ ಹುಡುಗಿಯೇ ಅವಳನ್ನು ಕಂಡು, "ಎದ್ದಿದೆ ಬನ್ನಿ" ಎಂದಳಂತೆ. ಸಾದಿಕ್ ಸಾಬರು ತೋರಿಸಿದ್ದ ವ್ಯಾನು ಅಷ್ಟರಲ್ಲಿ ಮಾರಿಹೋಗಿತ್ತು. ಅವರು ಇನ್ನೊಂದನ್ನು ಹುಡುಕಿಕೊಟ್ಟರು. ತಮ್ಮಯ್ಯನನ್ನು ನಾನೂ ಅವಳೂ ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದೆವು. "ಎಲ್ಲಿಗೆ ಹೋಗನ?" ಎಂದಳು. ಅವನು, "ಮೊದ್ಲು ಊರು ದಾಟ್ಸು" ಎಂದ.

ಹೋದ ವರ್ಷ ದೇವೀರಕ್ಕ ಜ್ವರ ಬಂದು ತೀರಿಕೊಂಡಳು. ತಮ್ಮಯ್ಯ ಈಗ ಪಾಳ್ಯದ ಹತ್ತಿರ ಮಗಳ ಮನೆಯಲ್ಲಿದ್ದಾನೆ. ಹಳ್ಳದ ದಾರಿ ಕೈತಪ್ಪಿದ್ದು ಯಾರಿಂದ ಎಂಬುದು ಅವನಿಗೆ ಇಂದಿಗೂ ಗೊತ್ತಿಲ್ಲ. ಇದನ್ನು ಅವನ ಮುಂದೆ ಕೂತು ಓದಬೇಕೆಂದೇ ಬರೆಯುತ್ತಿದ್ದೇನೆ. ಓದಿಯೇ ಓದುತ್ತೇನೆ.

ಅವಳನ್ನು ಕಡೆಯದಾಗಿ ಕಂಡದ್ದು ಅದೇ ವ್ಯಾನಿನಲ್ಲಿ. ಕುಂದೂರಿನಲ್ಲಿ ಬಸ್ಸಿಗೆ ಕಾಯುತ್ತಿದ್ದೆ. "ಹತ್ತು ಮಾರಾಯ" ಎಂದು ಬಾಗಿಲು ತೆಗೆದಳು. ಮುಂದೆ ತಮ್ಮಯ್ಯ ಬಾಯಿ ತೆರೆದು ನಿದ್ದೆ ಹೋಗಿದ್ದ. ಊರಿನ ತಿರುವಿನಲ್ಲಿ ಗಾಡಿ ನಿಧಾನ ಮಾಡಿದಳು. ಆಮೇಲೆ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ದನಿ ತಗ್ಗಿಸಿ ಕೇಳಿದಳು: "ಅವತ್ತು ಮೆಟ್ಲ ಮೇಲೆ, ಜಮೀನಲ್ಲ ಅಂತ ನಿಂಗೆ ಗೊತ್ತಿತ್ತು. ಅಲ್ವಾ?"

ಸುಳ್ಳು ಹೇಳಲು ದಾರಿಯಿತ್ತು. ಹೇಳಲಿಲ್ಲ. "ಹೂಂ ಅಕ್ಕ, ಗೊತ್ತಿತ್ತು."

ದಿಣ್ಣೆಯ ಬುಡದಲ್ಲಿ ವ್ಯಾನು ನಿಲ್ಲಿಸಿದಳು. ನನ್ನ ಮನೆ ಇನ್ನೂ ದೂರವಿತ್ತು.

"ಇಳಿ."

ಇಳಿದೆ. ಏನು ಮಾಡಬೇಕೆಂದು ತೋಚದೆ, "ಬಾಡಿಗೆ?" ಎಂದೆ.

"ಇಲ್ಲೀಗಂಟದ್ದು ಕೊಡು."

ಕೊಟ್ಟೆ. ಚಿಲ್ಲರೆ ಎಣಿಸಿ ನನ್ನ ಅಂಗೈಗೆ ಹಾಕಿದಳು. ಅಷ್ಟರಲ್ಲಿ ತಮ್ಮಯ್ಯನಿಗೆ ಎಚ್ಚರವಾಗಿ, "ಯಾಕೆ, ಶಾಂತಣ್ಣನ್ನ ಇಲ್ಲೇ ಇಳಿಸ್ದೆ?" ಎಂದು ಕೇಳಿದ.

ದೇವೀರಕ್ಕ ನಾಲಿಗೆಯ ತುದಿ ಕಚ್ಚಿ ಗೇರು ಹಾಕಿದಳು.

"ಅವ್ರಿಗೆ ದಿಣ್ಣೆ ಸುತ್ತಿ ನಡೀಬೇಕಂತೆ ಕಣ್ರೀ" ಎಂದಳು.